ನಾಲ್ಕು ತಾಲ್ಲೂಕಿನ ನಡುವಿನ ಮನೆಯ ಆದಾಯ ಎಷ್ಟು? ಲೆಕ್ಕ ಹಾಕೋದು ಹೇಗೆ, ತಪ್ಪೋದು ಎಲ್ಲಿ

ರೇಷನ್ ಕಾರ್ಡಿಗೆ ಅರ್ಜಿ ಹಾಕಲಿ, ಮಕ್ಕಳ ವಿದ್ಯಾರ್ಥಿವೇತನಕ್ಕೆ ಹಾಕಲಿ, ಬ್ಯಾಂಕಿನಲ್ಲಿ ಸಾಲ ಕೇಳಲಿ, ಎಲ್ಲ ಕಡೆ ಎದುರಾಗುವ ಪ್ರಶ್ನೆ ಒಂದೇ: ಕುಟುಂಬದ ವಾರ್ಷಿಕ ಆದಾಯ ಎಷ್ಟು? ಒಂದು ಮನೆಗೆ ನಾಡಕಚೇರಿಯಿಂದ ಒಂದು ಆದಾಯ ಪ್ರಮಾಣಪತ್ರ ಸಿಗುತ್ತದೆ. ಆದರೆ ಹಾನಗಲ್ ತಾಲ್ಲೂಕಿನ ಸಾಮಾನ್ಯ ಮನೆಯ ಆದಾಯ ಎಷ್ಟು, ಹತ್ತು ವರ್ಷದ ಹಿಂದೆ ಎಷ್ಟಿತ್ತು, ಹಿರೇಕೆರೂರಿಗಿಂತ ಹೆಚ್ಚೋ ಕಡಿಮೆಯೋ ಅಂತ ಯಾರಾದರೂ ಕೇಳಿದರೆ ತೆಗೆದು ತೋರಿಸಲು ಯಾವ ಕಚೇರಿಯಲ್ಲೂ ಒಂದು ಸರಳ ಅಂಕಿ ಇಲ್ಲ. ಶಿಗ್ಗಾವಿ, ಸವಣೂರಿನದೂ ಇದೇ ಕಥೆ.

ಅಂಕಿ ಇಲ್ಲ ಅಂದ ಮಾತ್ರಕ್ಕೆ ಅಂದಾಜು ಅಸಾಧ್ಯ ಅಂತಲ್ಲ. ಸಾಧ್ಯ ಇದೆ, ಆದರೆ ಯಾವ ಅಂಕಿಯನ್ನು ಎಷ್ಟು ನಂಬಬೇಕು ಅನ್ನೋದು ಗೊತ್ತಿರಬೇಕು. ಹೊಸ ಅಂಗಡಿ ತೆರೆಯುವವರಿಗೆ, ಉದ್ರಿ ಎಷ್ಟು ಕೊಡಬೇಕು ಅಂತ ಯೋಚಿಸುವ ಕಿರಾಣಿ ವ್ಯಾಪಾರಿಗಳಿಗೆ, ಬಿಪಿಎಲ್ ಮಿತಿ ಸರಿಯಿದೆಯೇ ಅಂತ ವಾದ ಮಾಡುವವರಿಗೆ ಇದು ಬೇಕಾದ ವಿಷಯ.

ಸರಾಸರಿ ಬೇರೆ, ಮಧ್ಯಾಂಕ ಬೇರೆ

ಒಂದು ಓಣಿಯಲ್ಲಿ 9 ಮನೆ ಇವೆ ಅಂತ ಹಿಡಿಯೋಣ. ವರ್ಷದ ಆದಾಯ ಕ್ರಮವಾಗಿ 60 ಸಾವಿರ, 75 ಸಾವಿರ, 80 ಸಾವಿರ, 90 ಸಾವಿರ, 1.10 ಲಕ್ಷ, 1.30 ಲಕ್ಷ, 1.60 ಲಕ್ಷ, 2.40 ಲಕ್ಷ. ಕೊನೆಯ ಮನೆಯವರದು ಅಡಿಕೆ ತೋಟ, ಜೊತೆಗೆ ಗೊಬ್ಬರದ ಅಂಗಡಿ. ಅವರ ಆದಾಯ 12 ಲಕ್ಷ. ಎಲ್ಲ ಕೂಡಿಸಿ 9ರಿಂದ ಭಾಗಿಸಿದರೆ ಸರಾಸರಿ 2.38 ಲಕ್ಷ. ಆದರೆ 9ರಲ್ಲಿ 7 ಮನೆಗಳು ಈ ಸರಾಸರಿಗಿಂತ ಕೆಳಗಿವೆ. ಸಾಲಿನಲ್ಲಿ ನಿಲ್ಲಿಸಿ ಸರಿಯಾಗಿ ನಡುವಿನ, ಅಂದ್ರೆ 5ನೇ ಮನೆಯನ್ನು ಕೇಳಿದರೆ 1.10 ಲಕ್ಷ. ಇದೇ ಮಧ್ಯಾಂಕ. ಕೊನೆಯ ಮನೆಯ ಆದಾಯ 12 ಲಕ್ಷದಿಂದ 20 ಲಕ್ಷಕ್ಕೆ ಏರಿದರೂ ಮಧ್ಯಾಂಕ ಒಂದು ರೂಪಾಯಿಯೂ ಅಲುಗಾಡುವುದಿಲ್ಲ, ಸರಾಸರಿ ಮಾತ್ರ ಜಿಗಿಯುತ್ತದೆ.

ಇದು ಬರೀ ಓಣಿಯ ಲೆಕ್ಕವಲ್ಲ. ದೆಹಲಿಯ ಎನ್‌ಸಿಎಇಆರ್ ಸಂಸ್ಥೆ ಮತ್ತು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಸೇರಿ 2004–05ರಲ್ಲಿ 41 ಸಾವಿರಕ್ಕೂ ಹೆಚ್ಚು ಕುಟುಂಬಗಳ ಸಮೀಕ್ಷೆ ಮಾಡಿದಾಗ ದೇಶದ ಕುಟುಂಬವೊಂದರ ವಾರ್ಷಿಕ ಆದಾಯದ ಸರಾಸರಿ ಸುಮಾರು 48 ಸಾವಿರ ರೂಪಾಯಿ ಇತ್ತು, ಮಧ್ಯಾಂಕ ಸುಮಾರು 28 ಸಾವಿರ ಮಾತ್ರ. ಪೇಪರಿನಲ್ಲಿ ಬರುವ ಅಂಕಿಗಳಲ್ಲಿ ಹೆಚ್ಚಿನವು ಸರಾಸರಿಯವು. ಓದುವಾಗ ಈ ಅಂತರ ತಲೆಯಲ್ಲಿ ಇಟ್ಟುಕೊಳ್ಳಬೇಕು.

ತಲಾ ಆದಾಯದ ಅಂಕಿ ಯಾಕೆ ಕೈಕೊಡುತ್ತದೆ

ಕರ್ನಾಟಕದ ತಲಾ ಆದಾಯ ವರ್ಷಕ್ಕೆ 3 ಲಕ್ಷ ರೂಪಾಯಿ ದಾಟಿದೆ ಅಂತ ರಾಜ್ಯದ ಆರ್ಥಿಕ ಸಮೀಕ್ಷೆ ಹೇಳುತ್ತದೆ. ಹಾಗಿದ್ದರೆ 5 ಜನರ ಮನೆಗೆ 15 ಲಕ್ಷ ಬರಬೇಕಲ್ಲ ಅಂತ ಸಂತೆಯಲ್ಲಿ ಯಾರಾದರೂ ನಕ್ಕರೆ ಅವರ ತಪ್ಪಲ್ಲ. ತಲಾ ಆದಾಯ ಅನ್ನೋದು ರಾಜ್ಯದಲ್ಲಿ ಉತ್ಪಾದನೆಯಾದ ಸರಕು, ಸೇವೆಯ ಒಟ್ಟು ಮೌಲ್ಯವನ್ನು (ಸವಕಳಿ ಕಳೆದು) ಜನಸಂಖ್ಯೆಯಿಂದ ಭಾಗಿಸಿದ್ದು. ಕಂಪನಿಗಳ ಲಾಭ, ಬೆಂಗಳೂರಿನ ಸಾಫ್ಟ್‌ವೇರ್ ರಫ್ತು ಎಲ್ಲ ಅದರೊಳಗೇ ಇದೆ. ಅಷ್ಟೂ ಮನೆಗಳ ಕೈಗೆ ಬರುವ ದುಡ್ಡಲ್ಲ.

ಅರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಜಿಲ್ಲಾವಾರು ಅಂಕಿಯನ್ನೂ ಕೊಡುತ್ತದೆ. ಹಾವೇರಿ ಜಿಲ್ಲೆ ಅದರಲ್ಲಿ ರಾಜ್ಯದ ಸರಾಸರಿಗಿಂತ ಕೆಳಗೇ ಇರುತ್ತದೆ. ಆದರೆ ಜಿಲ್ಲೆಯ ಅಂಕಿಯಲ್ಲಿ ಬೆಳೆಯ ಭಾಗ ಮಾತ್ರ ನೆಲದ ಲೆಕ್ಕದಿಂದ ಬರುತ್ತದೆ. ಬ್ಯಾಂಕು, ಸಾರಿಗೆಯಂಥ ಹಲವು ವಲಯಗಳಲ್ಲಿ ರಾಜ್ಯದ ಮೊತ್ತವನ್ನು ಯಾವುದೋ ಸೂಚಕದ ಮೇಲೆ ಜಿಲ್ಲೆಗಳಿಗೆ ಹಂಚಲಾಗುತ್ತದೆ. ಜಿಲ್ಲೆಗಳನ್ನು ಹೋಲಿಸಲು ಇದು ಸಾಕು. ಹಾನಗಲ್ಲಿನ ಒಂದು ಮನೆಯ ಅಡುಗೆಮನೆಯವರೆಗೆ ಇದನ್ನು ಎಳೆದು ತರಲಾಗದು.

ತಾಲ್ಲೂಕು ಮಟ್ಟದ ದೊಡ್ಡ ಪ್ರಯತ್ನ ಅಂದ್ರೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯದು. 2002ರಲ್ಲಿ ವರದಿ ಕೊಟ್ಟ ಸಮಿತಿ ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳ ಮೇಲೆ ಅಳೆದು 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅದರಲ್ಲೂ ಅಳೆದದ್ದು ತಾಲ್ಲೂಕಿನ ಮಟ್ಟದ ಸ್ಥಿತಿಗತಿಯೇ ಹೊರತು, ಮನೆಮನೆಯ ಆದಾಯ ಕೇಳಿ ಸಾಲಾಗಿ ಜೋಡಿಸಿದ ಲೆಕ್ಕ ಅದಲ್ಲ. ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ 2024ರಲ್ಲಿ ಮತ್ತೊಂದು ಸಮಿತಿ ರಚನೆಯಾಯಿತು. ಹಿಂದುಳಿದ ತಾಲ್ಲೂಕು ಅಂದ್ರೆ ಬಡ ಮನೆಗಳ ತಾಲ್ಲೂಕು ಅಂತ ನೇರವಾಗಿ ಓದಬಾರದು. ಎರಡಕ್ಕೂ ಸಂಬಂಧ ಇದೆ, ಆದರೆ ಎರಡೂ ಒಂದೇ ಅಲ್ಲ.

ಕೇಳಿದರೆ ಸರಿಯಾಗಿ ಹೇಳುವವರು ಯಾರು?

ಜನಗಣತಿಯಲ್ಲಿ ಆದಾಯದ ಪ್ರಶ್ನೆಯೇ ಇಲ್ಲ. ಮನೆಯಲ್ಲಿ ಟಿವಿ ಇದೆಯೇ, ಬೈಕ್ ಇದೆಯೇ, ಶೌಚಾಲಯ ಇದೆಯೇ ಅಂತ ಕೇಳುತ್ತಾರೆ. ಆದಾಯದ ಹತ್ತಿರಕ್ಕೆ ಬಂದದ್ದು 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿ. ಅದರಲ್ಲಿ ಮನೆಯ ಅತಿ ಹೆಚ್ಚು ದುಡಿಯುವ ವ್ಯಕ್ತಿಯ ತಿಂಗಳ ಆದಾಯವನ್ನು ಮೂರು ಗುಂಪು ಮಾಡಿ ಕೇಳಿದರು: 5 ಸಾವಿರದೊಳಗೆ, 5ರಿಂದ 10 ಸಾವಿರ, 10 ಸಾವಿರಕ್ಕಿಂತ ಮೇಲೆ. ದೇಶದ ಸುಮಾರು 18 ಕೋಟಿ ಗ್ರಾಮೀಣ ಕುಟುಂಬಗಳಲ್ಲಿ ಶೇ 74ಕ್ಕೂ ಹೆಚ್ಚು ಮೊದಲ ಗುಂಪಿನಲ್ಲೇ ಬಿದ್ದವು. ಮುಕ್ಕಾಲು ಭಾಗ ಒಂದೇ ಗುಂಪಿನಲ್ಲಿ ಇದ್ದರೆ ನಡುವಿನ ಮನೆ ಆ ಗುಂಪಿನ ಒಳಗೆ ಎಲ್ಲಿದೆ ಅಂತ ಗೊತ್ತಾಗೋದು ಕಷ್ಟ. ಅದೂ ಒಬ್ಬರ ದುಡಿಮೆ, ಇಡೀ ಮನೆಯದಲ್ಲ. ಆದರೂ ಆ ವರ್ಷದ ಮಟ್ಟಿಗೆ ಪ್ರತಿ ಗ್ರಾಮಕ್ಕೂ ಸಿಗುವ ಲೆಕ್ಕ ಅದೊಂದೇ, ಹಾಗಾಗಿ ಅದನ್ನು ಪಕ್ಕಕ್ಕೆ ಸರಿಸುವಂತಿಲ್ಲ.

ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಆದಾಯ ಕೇಳಲು ಹೋಗಿ ಕೈಸುಟ್ಟುಕೊಂಡದ್ದು ಇಂದು ನಿನ್ನೆಯ ಮಾತಲ್ಲ. 1964–65 ಮತ್ತು 1969–70ರ ಸುತ್ತುಗಳಲ್ಲಿ ಆದಾಯ, ಖರ್ಚು, ಉಳಿತಾಯ ಮೂರನ್ನೂ ಒಟ್ಟಿಗೆ ಕೇಳಿದರು. ಜನ ಹೇಳಿದ ಆದಾಯ, ಅವರೇ ಹೇಳಿದ ಖರ್ಚು ಮತ್ತು ಉಳಿತಾಯದ ಮೊತ್ತಕ್ಕಿಂತ ಕಡಿಮೆ ಬಂತು! 1983–84ರಲ್ಲಿ ಪ್ರಾಯೋಗಿಕವಾಗಿ ಮತ್ತೆ ನೋಡಿದರು, ದೇಶವ್ಯಾಪಿ ಸಮೀಕ್ಷೆಯ ಹಂತಕ್ಕೆ ಹೋಗಲಿಲ್ಲ. ಅಲ್ಲಿಂದ ಖರ್ಚನ್ನು ಕೇಳುವುದೇ ರೂಢಿಯಾಯಿತು.

ಕೇಂದ್ರ ಸಾಂಖ್ಯಿಕ ಸಚಿವಾಲಯ 2025ರಲ್ಲಿ ಅರ್ಥಶಾಸ್ತ್ರಜ್ಞ ಸುರ್ಜಿತ್ ಭಲ್ಲಾ ಅಧ್ಯಕ್ಷತೆಯಲ್ಲಿ ತಜ್ಞರ ಗುಂಪು ರಚಿಸಿ, 2026ರಲ್ಲಿ ದೇಶದ ಮೊದಲ ರಾಷ್ಟ್ರೀಯ ಕುಟುಂಬ ಆದಾಯ ಸಮೀಕ್ಷೆ ನಡೆಸುವುದಾಗಿ ಘೋಷಿಸಿತು. ಅದಕ್ಕೂ ಮೊದಲು ಪ್ರಶ್ನಾವಳಿಯನ್ನು ಕೆಲವು ಕಡೆ ಪರೀಕ್ಷೆ ಮಾಡಿದಾಗ ಉತ್ತರಿಸಿದವರಲ್ಲಿ ಶೇ 95ರಷ್ಟು ಜನ ಇದು ಸೂಕ್ಷ್ಮ ವಿಷಯ ಅಂದಿದ್ದರು. ಹಳ್ಳಿಯಲ್ಲಿ ಇದು ಹೊಸ ಸುದ್ದಿಯೇನಲ್ಲ. ಬಂದವರು ಯಾರು, ಯಾಕೆ ಕೇಳ್ತಾರೆ, ಕಾರ್ಡು ಹೋಗುತ್ತೋ ಅನ್ನುವ ಭಯ ಮೊದಲು ಬರುತ್ತದೆ. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡು ರದ್ದಾದ ಗದ್ದಲ ನೋಡಿದವರಿಗೆ ಆ ಭಯ ಸುಳ್ಳು ಅಂತ ಹೇಳೋದು ಕಷ್ಟ.

ಹಾಗಾದರೆ ನಾಡಕಚೇರಿಯಲ್ಲಿ ಕೊಡುವ ಸಾವಿರಾರು ಆದಾಯ ಪ್ರಮಾಣಪತ್ರಗಳನ್ನೇ ಕೂಡಿಸಿ ಮಧ್ಯಾಂಕ ತೆಗೆಯಬಾರದೇ? ಬಾರದು. ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ವಾರ್ಷಿಕ 1.20 ಲಕ್ಷ ರೂಪಾಯಿ ಮಿತಿ ಇದೆ. ಎಲ್ಲಿ ಮಿತಿ ಇರುತ್ತದೋ ಅದರ ಕೆಳಗೆ ಅಂಕಿಗಳು ಗುಂಪುಗಟ್ಟುತ್ತವೆ. ಅಂಥ ಪಟ್ಟಿಯಿಂದ ತೆಗೆದ ಮಧ್ಯಾಂಕ ಜನರ ಆದಾಯ ತೋರಿಸುವುದಿಲ್ಲ, ಸರ್ಕಾರದ ನಿಯಮ ತೋರಿಸುತ್ತದೆ. ಜೊತೆಗೆ, ಪ್ರಮಾಣಪತ್ರ ಬೇಕಾದವರು ಮಾತ್ರ ಅರ್ಜಿ ಹಾಕುತ್ತಾರೆ. ಬೇಡವಾದವರು ಪಟ್ಟಿಯಲ್ಲೇ ಇರುವುದಿಲ್ಲ.

ಗೋವಿನಜೋಳದ ಮನೆಯ ಲೆಕ್ಕ

ಬೇಕಂತಲೇ ಸುಳ್ಳು ಹೇಳದವರಿಗೂ ತಮ್ಮ ಆದಾಯ ಎಷ್ಟು ಅಂತ ಗೊತ್ತಿರುವುದಿಲ್ಲ. ಪಗಾರದವರಿಗೆ ತಿಂಗಳ ಚೀಟಿ ಇದೆ. ಒಕ್ಕಲುತನದ ಮನೆಗೆ ಏನಿದೆ?

ಹಿರೇಕೆರೂರು ಕಡೆಯ ಮನೆಯೊಂದನ್ನು ಉದಾಹರಣೆಗೆ ಹಿಡಿಯೋಣ. 3 ಎಕರೆ ಗೋವಿನಜೋಳ, ಎಕರೆಗೆ 20 ಕ್ವಿಂಟಲ್, ಒಟ್ಟು 60 ಕ್ವಿಂಟಲ್. ಬೀಜ, ಗೊಬ್ಬರ, ಕಳೆ, ಕಟಾವು, ಸಾಗಾಟ ಎಲ್ಲ ಸೇರಿ ಎಕರೆಗೆ 20 ಸಾವಿರ ಖರ್ಚು, ಒಟ್ಟು 60 ಸಾವಿರ. 2025–26ಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಆ ಬೆಲೆ ಸಿಕ್ಕರೆ ಮಾರಾಟ 1.44 ಲಕ್ಷ, ಖರ್ಚು ಕಳೆದು ಉಳಿದದ್ದು 84 ಸಾವಿರ. ಎಪಿಎಂಸಿಯಲ್ಲಿ 2,000ಕ್ಕೆ ಹೋದರೆ ಮಾರಾಟ 1.20 ಲಕ್ಷ, ಉಳಿದದ್ದು 60 ಸಾವಿರ. ಬೆಲೆ ಬಿದ್ದದ್ದು ಶೇ 17, ಆದಾಯ ಬಿದ್ದದ್ದು ಶೇ 29. ಆ ವರ್ಷ ನವೆಂಬರಿನಲ್ಲಿ ಮಾರುಕಟ್ಟೆಯಲ್ಲಿ ದರ 2,000ಕ್ಕಿಂತಲೂ ಕೆಳಗೆ ಹೋಗಿ ಹಾವೇರಿ, ಗದಗ ಭಾಗದಲ್ಲಿ ರೈತರು ಬೀದಿಗಿಳಿದದ್ದು ಸುಮ್ಮನೆ ಅಲ್ಲ.

ಇದೇ ಮನೆಯವರನ್ನು 'ವರ್ಷಕ್ಕೆ ಎಷ್ಟು ಬರ್ತದ?' ಅಂತ ಕೇಳಿದರೆ ಕೆಲವರು ಮಾರಾಟದ ಪಟ್ಟಿ ನೋಡಿ 1.20 ಲಕ್ಷ ಅಂತಾರೆ, ಕೆಲವರು ದಲಾಲರ ಮುಂಗಡ, ಸೊಸೈಟಿ ಸಾಲ ತೀರಿದ ಮೇಲೆ ಕೈಯಲ್ಲಿ ಉಳಿದದ್ದು ಹೇಳಿ 'ಏನೂ ಉಳಿಯಲಿಲ್ಲ' ಅಂತಾರೆ. ಎರಡೂ ಆದಾಯವಲ್ಲ. ಮಾರಾಟದಿಂದ ಬೆಳೆಯ ಖರ್ಚು ಕಳೆಯಬೇಕು. ಹಳೇ ಸಾಲದ ಅಸಲು ತೀರಿಸಿದ್ದನ್ನು ಕಳೆಯಬಾರದು. ಮನೆಗೆ ಇಟ್ಟುಕೊಂಡ ಜೋಳ, ಮನೆಯಲ್ಲೇ ಕುಡಿದ ಹಾಲಿಗೂ ಬೆಲೆ ಕಟ್ಟಬೇಕು. ಮನೆಮಂದಿ ಹೊಲದಲ್ಲಿ ದುಡಿದ ಕೂಲಿಯನ್ನು ಖರ್ಚು ಅಂತ ಹಿಡಿಯೋದೋ ಬಿಡೋದೋ ಅನ್ನೋದು ದೊಡ್ಡ ವ್ಯತ್ಯಾಸ ತರುತ್ತದೆ. 2018–19ರ ಸಮೀಕ್ಷೆಯಲ್ಲಿ ಕೈಯಿಂದ ಕೊಟ್ಟ ಖರ್ಚು ಮಾತ್ರ ಕಳೆದಾಗ ದೇಶದ ಕೃಷಿ ಕುಟುಂಬದ ತಿಂಗಳ ಸರಾಸರಿ ಆದಾಯ 10,218 ರೂಪಾಯಿ. ಮನೆಯ ದುಡಿಮೆ, ಸ್ವಂತ ಬೀಜ ಇವಕ್ಕೂ ಬೆಲೆ ಕಟ್ಟಿ ಕಳೆದಾಗ 8,337. ಒಂದೇ ಸಮೀಕ್ಷೆ, ಅವೇ ಮನೆಗಳು.

ಬೆಳೆ ಒಂದೇ ಆದಾಯವೂ ಅಲ್ಲ. ಅದೇ 10,218ರ ಒಳಗೆ ಕೂಲಿ–ಪಗಾರದ ಪಾಲು 4,063, ಬೆಳೆಯದು 3,798, ದನಕರುಗಳದ್ದು 1,582, ಅಂಗಡಿ ಇತ್ಯಾದಿ ವ್ಯಾಪಾರದ್ದು 641, ಜಮೀನು ಲಾವಣಿಗೆ ಕೊಟ್ಟದ್ದರಿಂದ 134. ಅಂದ್ರೆ 'ರೈತರ ಮನೆ' ಅಂತ ಕರೆಸಿಕೊಳ್ಳುವ ಮನೆಗೂ ಬೆಳೆಗಿಂತ ಕೂಲಿಯಿಂದ ಬರುವ ರೊಕ್ಕ ಜಾಸ್ತಿ. ಉತಾರ ನೋಡಿ ಆದಾಯ ಬರೆಯುವ ಪದ್ಧತಿಗೆ ಇದು ದೊಡ್ಡ ಪೆಟ್ಟು. ಉತಾರದಲ್ಲಿ ಹೆಸರಿಲ್ಲದೆ ಲಾವಣಿ ಹಾಕಿಕೊಂಡು ದುಡಿಯುವವರು ಬೇರೆ, ಹೆಸರಿದ್ದೂ ಹುಬ್ಬಳ್ಳಿಯಲ್ಲಿ ನೌಕರಿ ಮಾಡುವವರು ಬೇರೆ.

ಇನ್ನು ಸರ್ಕಾರದಿಂದ ಬರುವುದು. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ ತಿಂಗಳ 2,000 ಪೂರ್ತಿ ಬಂದರೆ ವರ್ಷಕ್ಕೆ 24 ಸಾವಿರ. ಪಿಎಂ ಕಿಸಾನ್ 6 ಸಾವಿರ. ಮೇಲಿನ ಗೋವಿನಜೋಳದ ಮನೆಗೆ 60 ಸಾವಿರ ಬೆಳೆಯ ಆದಾಯದ ಜೊತೆ ಈ 30 ಸಾವಿರ ಸೇರಿದರೆ ಅರ್ಧದಷ್ಟು ಹೆಚ್ಚಾಯಿತು. ಇದನ್ನು ಸೇರಿಸಿದ ವರ್ಷವನ್ನೂ ಸೇರಿಸದ ವರ್ಷವನ್ನೂ ಪಕ್ಕಪಕ್ಕ ಇಟ್ಟು 'ಆದಾಯ ಏರಿತು' ಅಂದರೆ ಲೆಕ್ಕ ಹಾದಿ ತಪ್ಪುತ್ತದೆ. ಬಸ್ಸಿನ ಉಚಿತ ಪ್ರಯಾಣ, ಉಚಿತ ಕರೆಂಟು ನಗದಲ್ಲ. ಅವು ಆದಾಯದ ಕಡೆ ಕಾಣುವುದಿಲ್ಲ, ಖರ್ಚು ಕಡಿಮೆಯಾದ ಕಡೆ ಕಾಣುತ್ತವೆ.

ವರ್ಷದಿಂದ ವರ್ಷಕ್ಕೆ: ಕೈಯಲ್ಲಿರುವ ಸರಣಿ

ಕಾಲದ ಉದ್ದಕ್ಕೂ ಹೋಲಿಸಲು ಸಿಗುವ ಗಟ್ಟಿ ದಾರ ಅಂದ್ರೆ ಕೃಷಿ ಕುಟುಂಬಗಳ ಸ್ಥಿತಿಗತಿ ಸಮೀಕ್ಷೆ. ಕರ್ನಾಟಕದ ಕೃಷಿ ಕುಟುಂಬದ ತಿಂಗಳ ಸರಾಸರಿ ಆದಾಯ 2002–03ರಲ್ಲಿ 2,616 ರೂಪಾಯಿ, 2012–13ರಲ್ಲಿ 8,832, 2018–19ರಲ್ಲಿ 13,441. ಮೂರೂ ಸಲ ದೇಶದ ಸರಾಸರಿಗಿಂತ ಮೇಲೆಯೇ (ದೇಶದ್ದು ಕ್ರಮವಾಗಿ 2,115, 6,426, 10,218).

ಬರೀ ರೂಪಾಯಿ ನೋಡಿದರೆ 16 ವರ್ಷದಲ್ಲಿ 5 ಪಟ್ಟು. ಬೆಲೆ ಏರಿಕೆ ಕಳೆದರೆ ಚಿತ್ರ ಬೇರೆ. 2012–13ರಿಂದ 2018–19ಕ್ಕೆ ಆದಾಯ ಶೇ 52 ಏರಿದೆ, ಆದರೆ ಅದೇ ಅವಧಿಯಲ್ಲಿ ಗ್ರಾಮೀಣ ಬೆಲೆ ಸೂಚ್ಯಂಕವೂ ಸುಮಾರು ಮೂರನೇ ಒಂದು ಭಾಗ ಏರಿದೆ. ಉಳಿಯುವ ನಿಜವಾದ ಏರಿಕೆ ಶೇ 13–14ರ ಆಸುಪಾಸು, ಅಂದ್ರೆ ವರ್ಷಕ್ಕೆ ಶೇ 2ರಷ್ಟು. ಮೊದಲ ಹತ್ತು ವರ್ಷದಲ್ಲಿ ಏರಿಕೆ ಇದಕ್ಕಿಂತ ಜೋರಾಗಿ ಕಾಣುತ್ತದೆ. ಆದರೆ ಅಲ್ಲೊಂದು ತೊಡಕಿದೆ: ಕೃಷಿ ಕುಟುಂಬ ಅಂದ್ರೆ ಯಾರು ಅನ್ನುವ ವ್ಯಾಖ್ಯೆಯೇ ಬದಲಾಗಿದೆ. 2002–03ರಲ್ಲಿ ಜಮೀನು ಇರಬೇಕಿತ್ತು. 2012–13ರಲ್ಲಿ ಜಮೀನಿನ ಷರತ್ತು ತೆಗೆದು, ವರ್ಷಕ್ಕೆ 3 ಸಾವಿರ ರೂಪಾಯಿಗಿಂತ ಹೆಚ್ಚು ಕೃಷಿ ಉತ್ಪನ್ನ ಇರಬೇಕು ಅಂದರು. 2018–19ರಲ್ಲಿ ಅದು 4 ಸಾವಿರವಾಯಿತು.

ಇನ್ನೊಂದು ಸಂಗತಿ ಯಾರೂ ಅಷ್ಟಾಗಿ ಗಮನಿಸುವುದಿಲ್ಲ. 2002, 2012, 2018 ಮೂರೂ ವರ್ಷ ರಾಜ್ಯದ ಹಲವು ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಲಾಗಿತ್ತು. ಬರದ ವರ್ಷವನ್ನು ಬರದ ವರ್ಷಕ್ಕೇ ಹೋಲಿಸಿದಂತಾಗಿ ಹೋಲಿಕೆಗೆ ಒಂದು ರೀತಿ ಅನುಕೂಲವೇ ಆಯಿತು, ಆದರೆ ಒಳ್ಳೆಯ ಮಳೆಯ ವರ್ಷದ ಆದಾಯ ಎಷ್ಟು ಅನ್ನೋದು ಈ ಸರಣಿಯಲ್ಲಿ ಸಿಗುವುದಿಲ್ಲ. ಕೊನೆಯ ಸಮೀಕ್ಷೆಯ ಲೆಕ್ಕದ ವರ್ಷ 2019ರ ಜೂನ್‌ಗೆ ಮುಗಿಯಿತು; ವರದಾ ನದಿ ಉಕ್ಕಿ ಜಿಲ್ಲೆಯ ಹೊಲ, ಮನೆ ಮುಳುಗಿಸಿದ್ದು ಅದೇ ಆಗಸ್ಟಿನಲ್ಲಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಹಾಗಾಗಿ ಯಾವುದೋ ಎರಡು ವರ್ಷ ಎತ್ತಿಕೊಂಡು ನಡುವೆ ಗೆರೆ ಎಳೆದು 'ಬೆಳವಣಿಗೆ' ಅನ್ನೋದು ನಮ್ಮ ಭಾಗದಲ್ಲಿ ನಡೆಯದ ಮಾತು. ಮೂರು ವರ್ಷದ ಸರಾಸರಿ ಹಿಡಿದರೆ ಸ್ವಲ್ಪ ಸಮಾಧಾನ.

ಪಕ್ಕದಲ್ಲಿ ಇಟ್ಟು ನೋಡಲು ನರೇಗಾ ಕೂಲಿ ಅನುಕೂಲ, ಯಾಕಂದ್ರೆ ಅದು ವರ್ಷವರ್ಷ ಸಿಗುವ ಅಂಕಿ. ಕರ್ನಾಟಕದಲ್ಲಿ ದಿನಕ್ಕೆ 2011–12ರಲ್ಲಿ 125 ರೂಪಾಯಿ, 2015–16ರಲ್ಲಿ 204, 2019–20ರಲ್ಲಿ 249, 2023–24ರಲ್ಲಿ 316, 2025–26ರಲ್ಲಿ 370. ಸುಮಾರು 3 ಪಟ್ಟು. ಈ ಅವಧಿಯಲ್ಲಿ ಹಳ್ಳಿಯ ಬೆಲೆಗಳು 2 ಪಟ್ಟಿಗಿಂತ ತುಸು ಹೆಚ್ಚಾಗಿವೆ. ಇದು ಸರ್ಕಾರ ನಿಗದಿ ಮಾಡಿದ ದರ. ಬಿತ್ತನೆ, ಕಟಾವಿನ ಹೊತ್ತಿಗೆ ಊರಲ್ಲಿ ಕೊಡುವ ಕೂಲಿ ಬೇರೆ, ಮತ್ತು ವರ್ಷಕ್ಕೆ ಎಷ್ಟು ದಿನ ಕೆಲಸ ಸಿಕ್ಕಿತು ಅನ್ನೋದು ದರಕ್ಕಿಂತ ದೊಡ್ಡ ಪ್ರಶ್ನೆ.

ಈಗ ಖರ್ಚಿನ ಕಡೆಯಿಂದ ಬರೋಣ. 2023–24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು 4,903 ರೂಪಾಯಿ. ನಾಲ್ಕೂವರೆ ಜನರ ಮನೆ ಅಂತ ಹಿಡಿದರೆ ಸುಮಾರು 22 ಸಾವಿರ. ಇತ್ತ 2018–19ರ 13,441ಕ್ಕೆ ಐದು ವರ್ಷದ ಬೆಲೆ ಏರಿಕೆ (ಮತ್ತೆ ಸುಮಾರು ಮೂರನೇ ಒಂದು ಭಾಗ) ಸೇರಿಸಿದರೆ 18 ಸಾವಿರದ ಹತ್ತಿರ ಬರುತ್ತದೆ. ಒಂದು ಕೃಷಿ ಕುಟುಂಬಗಳದ್ದು, ಇನ್ನೊಂದು ಎಲ್ಲ ಗ್ರಾಮೀಣ ಮನೆಗಳದ್ದು. ಸಮೀಕ್ಷೆಯ ವಿಧಾನವೂ ಬೇರೆ. ಅಷ್ಟನ್ನು ಬಿಟ್ಟುಕೊಟ್ಟರೂ 1960ರ ದಶಕದಲ್ಲಿ ಕಂಡ ಒಗಟೇ ಇಲ್ಲೂ ಕಾಣುತ್ತದೆ: ಹೇಳುವ ಆದಾಯ ಮಾಡುವ ಖರ್ಚಿಗಿಂತ ಕಡಿಮೆ.

18 ಸಾವಿರ ಮತ್ತು 22 ಸಾವಿರ ಎರಡೂ ಸರಾಸರಿ. ಮಧ್ಯಾಂಕ ಸರಾಸರಿಯ ಶೇ 70ರಷ್ಟು ಇದೆ ಅಂತ ಊಹೆ ಮಾಡಿಕೊಂಡರೆ ತಿಂಗಳಿಗೆ 12,600ರಿಂದ 15,400, ವರ್ಷಕ್ಕೆ ಒಂದೂವರೆ ಲಕ್ಷದಿಂದ 1.85 ಲಕ್ಷ. ಇದು ರಾಜ್ಯದ ಗ್ರಾಮೀಣ ಮಟ್ಟದ ಅಂದಾಜು. ಶೇ 70 ಅನ್ನೋದು ಊಹೆ, ಅದನ್ನು 60 ಮಾಡಿದರೆ ಕೆಳಗಿನ ತುದಿ 1.30 ಲಕ್ಷಕ್ಕೆ ಇಳಿಯುತ್ತದೆ. ಆದರೂ ಒಂದು ಮಾತು ಹೇಳಬಹುದು. ವರ್ಷಗಳಿಂದ ಕದಲದ 1.20 ಲಕ್ಷದ ಮಿತಿ ಈಗ ಹಳ್ಳಿಯ ನಡುವಿನ ಮನೆಗೂ ಕೆಳಗೆ ಬಿದ್ದಿರುವ ಸಾಧ್ಯತೆ ಹೆಚ್ಚು. ಬೆಲೆ ಏರಿದಂತೆ ಮಿತಿ ಏರದಿದ್ದರೆ, ಯಾರೂ ಶ್ರೀಮಂತರಾಗದೆಯೇ ಅರ್ಹರ ಪಟ್ಟಿಯಿಂದ ಹೊರಗೆ ಹೋಗುತ್ತಾರೆ. ಅದಕ್ಕೇ ಜನ ಅಂಕಿ ಇಳಿಸಿ ಹೇಳುವುದು, ಅದಕ್ಕೇ ಮುಂದಿನ ಲೆಕ್ಕವೂ ಕೆಡುವುದು.

ರಾಜ್ಯದಿಂದ ತಾಲ್ಲೂಕಿಗೆ ಇಳಿಯುವ ದಾರಿ

2018–19ರ ಸಮೀಕ್ಷೆ ದೇಶದಲ್ಲಿ 5,940 ಗ್ರಾಮಗಳಲ್ಲಿ ನಡೆಯಿತು. ದೇಶದಲ್ಲಿ ಇರುವುದು 6 ಲಕ್ಷಕ್ಕೂ ಹೆಚ್ಚು ಗ್ರಾಮ, ಅಂದ್ರೆ ನೂರಕ್ಕೆ ಒಂದು. ಅದೇ ಪ್ರಮಾಣದಲ್ಲಿ ಹಿಡಿದರೆ ಸುಮಾರು 700 ಗ್ರಾಮಗಳಿರುವ ಹಾವೇರಿ ಜಿಲ್ಲೆಗೆ ಏಳೆಂಟು ಗ್ರಾಮ, ನಮ್ಮ ನಾಲ್ಕು ತಾಲ್ಲೂಕು ಸೇರಿ ನಾಲ್ಕೈದು. ತಿಳವಳ್ಳಿ ಕಡೆಯ ಒಂದು ಊರು ನೋಡಿ ಇಡೀ ಹಾನಗಲ್ ಹೀಗೇ ಅನ್ನಲಾಗದು. ಭತ್ತ, ಅಡಿಕೆ, ಮಾವಿನ ಊರೇ ಬೇರೆ, ಗೋವಿನಜೋಳವನ್ನೇ ನಂಬಿದ ಊರೇ ಬೇರೆ.

ಅಮೆರಿಕದಲ್ಲಿ ಇದೇ ತೊಂದರೆ ಬಂದಾಗ ಒಂದು ಉಪಾಯ ಹುಡುಕಿದರು. ಅಲ್ಲಿನ ಕೌಂಟಿ ನಮ್ಮ ಜಿಲ್ಲೆ–ತಾಲ್ಲೂಕಿನಂಥದ್ದು. ಸಣ್ಣ ಊರುಗಳ ಆದಾಯ ಅಂದಾಜಿಗೆ ಫೇ ಮತ್ತು ಹೆರಿಯಟ್ ಎಂಬ ಇಬ್ಬರು 1979ರಲ್ಲಿ ಒಂದು ಸೂತ್ರ ಪ್ರಕಟಿಸಿದರು. ಅದರ ಸಾರ ಇಷ್ಟು: ಆ ಊರಿನಲ್ಲಿ ಸಿಕ್ಕ ಕೆಲವೇ ಮನೆಗಳ ಉತ್ತರವನ್ನು ಪೂರ್ತಿ ನಂಬಬೇಡ, ಪೂರ್ತಿ ಬಿಡಲೂ ಬೇಡ. ಅಂಥದೇ ಲಕ್ಷಣದ ಇತರ ಊರುಗಳಿಂದ ಒಂದು ನಿರೀಕ್ಷಿತ ಅಂಕಿ ತೆಗೆ. ಸ್ಥಳೀಯ ಮಾದರಿ ದೊಡ್ಡದಿದ್ದರೆ ಅದಕ್ಕೆ ಹೆಚ್ಚು ತೂಕ, ಚಿಕ್ಕದಿದ್ದರೆ ನಿರೀಕ್ಷಿತ ಅಂಕಿಗೆ ಹೆಚ್ಚು ತೂಕ. ಅಲ್ಲಿನ ಜನಗಣತಿ ಇಲಾಖೆ ಈಗ ಸಮೀಕ್ಷೆ, ತೆರಿಗೆ ದಾಖಲೆ, ಆಹಾರ ನೆರವಿನ ಪಟ್ಟಿ ಸೇರಿಸಿ ಪ್ರತಿ ಕೌಂಟಿಯ ಮಧ್ಯಾಂಕ ಆದಾಯವನ್ನು ವರ್ಷವರ್ಷ ಕೊಡುತ್ತದೆ, ಅದರ ಜೊತೆ 'ಇಷ್ಟರಿಂದ ಇಷ್ಟರೊಳಗೆ' ಅನ್ನುವ ಅಂತರವನ್ನೂ ಅಚ್ಚು ಹಾಕುತ್ತದೆ.

ನಮ್ಮಲ್ಲಿ ತೆರಿಗೆ ದಾಖಲೆಯ ದಾರಿ ಮುಚ್ಚಿದೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ಆದರೆ ಬೇರೆ ದಾಖಲೆಗಳಿವೆ: ಜನಗಣತಿಯ ತಾಲ್ಲೂಕುವಾರು ಆಸ್ತಿ ಪಟ್ಟಿ, ಕೃಷಿ ಕಾರ್ಮಿಕರ ಪ್ರಮಾಣ, ಬೆಳೆ ಸಮೀಕ್ಷೆ ಆ್ಯಪ್‌ನ ವಿವರ, ಎಪಿಎಂಸಿ ದರ, ಪಂಚಾಯತಿವಾರು ನರೇಗಾ ಮಾನವ ದಿನಗಳು, ಡೇರಿಗೆ ಹಾಕಿದ ಹಾಲು, ಹೆಸ್ಕಾಂ ಮೀಟರು, ಹಾವೇರಿ ಆರ್‌ಟಿಒದ ಕೆಎ–27 ನೋಂದಣಿ. ಪ್ರತಿಯೊಂದಕ್ಕೂ ಒಂದು ಓರೆ ಇದೆ. ಬರದ ವರ್ಷ ನರೇಗಾ ದಿನ ಏರಿದರೆ ಆದಾಯ ಏರಿತು ಅಂತಲ್ಲ, ಇಳಿಯಿತು ಅಂತ. ಬೈಕು ಹೆಚ್ಚಾದದ್ದು ಆದಾಯದಿಂದಲೋ ಸಾಲದ ಕಂತಿನಿಂದಲೋ ನೋಡಬೇಕು. ಉಪಗ್ರಹದಿಂದ ಕಾಣುವ ರಾತ್ರಿ ಬೆಳಕನ್ನು ಹಿಡಿದು ಸಂಪತ್ತು ಅಳೆಯುವವರಿದ್ದಾರೆ. ಶಿಗ್ಗಾವಿ, ಬಂಕಾಪುರದ ಪಕ್ಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರ ದೀಪಗಳು ಅಲ್ಲಿನ ಕೂಲಿಕಾರರ ಮನೆಗೆ ಏನೂ ತಂದುಕೊಡುವುದಿಲ್ಲ.

ಗಡಿಯ ಸಮಸ್ಯೆಯೂ ಇದೆ. 1997ರ ಆಗಸ್ಟ್‌ಗಿಂತ ಮೊದಲು ಈ ನಾಲ್ಕೂ ಧಾರವಾಡ ಜಿಲ್ಲೆಯಲ್ಲಿದ್ದವು. ಆಮೇಲೆ ಹಿರೇಕೆರೂರಿನಿಂದ ರಟ್ಟೀಹಳ್ಳಿ ಬೇರೆ ತಾಲ್ಲೂಕಾಯಿತು. 2011ರ ಹಿರೇಕೆರೂರಿನ ಅಂಕಿ ಹಿಡಿದು ಇಂದಿನ ಹಿರೇಕೆರೂರಿಗೆ ಹೋಲಿಸುವವರು ರಟ್ಟೀಹಳ್ಳಿಯನ್ನು ಎರಡೂ ಕಡೆ ಸೇರಿಸಬೇಕು, ಇಲ್ಲವೇ ಎರಡೂ ಕಡೆ ತೆಗೆಯಬೇಕು. ಮನೆಗಳೂ ಒಡೆಯುತ್ತವೆ. ಅಣ್ಣತಮ್ಮಂದಿರು ಬೇರೆಯಾಗಿ ಎರಡು ಒಲೆ ಹೂಡಿದರೆ ದುಡಿಮೆ ಅಷ್ಟೇ ಇದ್ದರೂ ಪ್ರತಿ ಮನೆಯ ಆದಾಯ ಅರ್ಧವಾಗಿ ಕಾಣುತ್ತದೆ. ಸಮೀಕ್ಷೆಯವರು ಕುಟುಂಬ ಅನ್ನೋದು ಒಂದೇ ಅಡುಗೆಯಲ್ಲಿ ಉಣ್ಣುವವರನ್ನು, ರೇಷನ್ ಕಾರ್ಡನ್ನಲ್ಲ. ಹಾಗಾಗಿ ಮನೆಯ ಆದಾಯದ ಪಕ್ಕ ತಲಾ ಆದಾಯವನ್ನೂ ಇಡುವುದು ಒಳ್ಳೆಯದು.

ಒಂದು ಊರಿನಲ್ಲಿ ಮಾಡಿ ನೋಡುವುದಾದರೆ

ಪದವಿ ಕಾಲೇಜಿನ ವಿದ್ಯಾರ್ಥಿಗಳೋ ಗ್ರಾಮ ಪಂಚಾಯತಿಯೋ ಮನಸ್ಸು ಮಾಡಿದರೆ 100 ಮನೆಯ ಲೆಕ್ಕ ತೆಗೆಯುವುದು ಭಾರಿ ಕೆಲಸವೇನಲ್ಲ. ಮನೆಗಳನ್ನು ಪಟ್ಟಿಯಿಂದ ಚೀಟಿ ಎತ್ತಿ ಆರಿಸಬೇಕು. ಬಸ್‌ಸ್ಟ್ಯಾಂಡ್ ಹತ್ತಿರದವರನ್ನು ಮಾತ್ರ ಕೇಳಿದರೆ ಮುಗಿಯಿತು. 'ಆದಾಯ ಎಷ್ಟು' ಅಂತ ಒಂದೇ ಪ್ರಶ್ನೆ ಕೇಳದೆ ಬೆಳೆ, ಕೂಲಿ ದಿನ, ಹಾಲು, ಅಂಗಡಿ, ಮಗ ಕಳಿಸಿದ ದುಡ್ಡು, ಪಿಂಚಣಿ ಹೀಗೆ ಬಿಡಿಬಿಡಿಯಾಗಿ ಕೇಳಿ ಕೂಡಿಸಬೇಕು. ಸುಗ್ಗಿಯಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಹೋದರೆ ಇನ್ನೂ ಒಳ್ಳೆಯದು. ನಿಖರ ಅಂಕಿ ಹೇಳಲು ಹಿಂಜರಿಯುವವರಿಗೆ ಗುಂಪು ತೋರಿಸಿ ಆರಿಸಲು ಹೇಳಬಹುದು.

ಉದಾಹರಣೆಗೆ 100 ಮನೆಗಳಲ್ಲಿ 60 ಸಾವಿರದೊಳಗೆ 22 ಮನೆ, 60 ಸಾವಿರದಿಂದ 1.20 ಲಕ್ಷದೊಳಗೆ 31, 1.20ರಿಂದ 2 ಲಕ್ಷ 24, 2ರಿಂದ 4 ಲಕ್ಷ 16, ಅದರ ಮೇಲೆ 7 ಅಂತ ಬಂತು ಅಂದುಕೊಳ್ಳಿ. ಅರ್ಧ ಅಂದ್ರೆ 50ನೇ ಮನೆ. ಮೊದಲ ಗುಂಪಿನಲ್ಲಿ 22 ಮುಗಿದವು, ಇನ್ನು 28 ಬೇಕು. ಎರಡನೇ ಗುಂಪಿನ 31ರಲ್ಲಿ 28ನೆಯದು. 60 ಸಾವಿರಕ್ಕೆ, ಆ ಗುಂಪಿನ ಅಗಲವಾದ 60 ಸಾವಿರದ 31ರಲ್ಲಿ 28 ಭಾಗ, ಅಂದ್ರೆ ಸುಮಾರು 54 ಸಾವಿರ ಸೇರಿಸಿದರೆ ಮಧ್ಯಾಂಕ 1.14 ಲಕ್ಷ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಇರುವ ಸೂತ್ರವೇ ಇದು. ಈಗ 1.20ರ ಮೇಲಿರುವ 5 ಮನೆಯವರು ಕಾರ್ಡಿನ ಹೆದರಿಕೆಯಿಂದ ಕೆಳಗಿನ ಗುಂಪು ಹೇಳಿದ್ದರು ಅಂದುಕೊಳ್ಳಿ. ಅವರನ್ನು ಮೇಲಿನ ಗುಂಪಿಗೆ ಹಾಕಿದರೆ ಮೊದಲ ಎರಡು ಗುಂಪಿನಲ್ಲಿ ಉಳಿಯುವುದು 48. ನಡುವಿನ ಮನೆ ಮೂರನೇ ಗುಂಪಿಗೆ ದಾಟಿ ಮಧ್ಯಾಂಕ 1.25 ಲಕ್ಷ ಆಗುತ್ತದೆ. ಐದು ಮನೆಯ ಮಾತಿನಿಂದ ಊರಿನ ನಡುವಿನ ಮನೆ ಬಿಪಿಎಲ್ ಗೆರೆಯ ಈಚೆಯಿಂದ ಆಚೆಗೆ ಹೋಯಿತು.

ವ್ಯಾಪಾರಸ್ಥರಿಗೆ ಮಧ್ಯಾಂಕದಷ್ಟೇ ಮುಖ್ಯ ದುಡ್ಡು ಕೈಗೆ ಬರುವ ತಿಂಗಳು. ವರ್ಷಕ್ಕೆ ಒಂದೂವರೆ ಲಕ್ಷದ ಪಗಾರದ ಮನೆ ತಿಂಗಳಿಗೆ 12,500 ತರುತ್ತದೆ. ಅಷ್ಟೇ ಆದಾಯದ ಒಕ್ಕಲುತನದ ಮನೆಗೆ ಮುಕ್ಕಾಲು ಪಾಲು ಸುಗ್ಗಿಯ ಎರಡು ಮೂರು ತಿಂಗಳಲ್ಲಿ ಬರುತ್ತದೆ, ಮುಂಗಾರು ಬಿತ್ತನೆ ಹೊತ್ತಿಗೆ ಕೈ ಖಾಲಿ. ಉದ್ರಿ ಪುಸ್ತಕ ದಪ್ಪವಾಗುವುದು ಆಗಲೇ. ಸವಣೂರಿನ ಎಲೆಬಳ್ಳಿ ತೋಟದವರಿಗೆ, ಹಾಲು ಹಾಕುವವರಿಗೆ ವಾರವಾರ ದುಡ್ಡು ಬರುತ್ತದೆ. ವರ್ಷದ ಮೊತ್ತ ಕಡಿಮೆಯಿದ್ದರೂ ಅಂಗಡಿಯ ಲೆಕ್ಕದಲ್ಲಿ ಅವರು ಬೇರೆ ಥರದ ಗಿರಾಕಿ.

ಕಾರ್ಮಿಕ ಬಲ ಸಮೀಕ್ಷೆಯಲ್ಲಿ 2025ರ ಜನವರಿಯಿಂದ ಮಾದರಿ ಆರಿಸುವ ಮೂಲ ಘಟಕವಾಗಿ ಜಿಲ್ಲೆಯನ್ನೇ ಹಿಡಿಯಲಾಗುತ್ತಿದೆ. ಅದರಿಂದ ಮುಂದೆ ಜಿಲ್ಲೆಯ ಮಟ್ಟದ ಕೂಲಿ, ಪಗಾರದ ಅಂಕಿ ಇನ್ನಷ್ಟು ಗಟ್ಟಿಯಾಗಬಹುದು. ತಾಲ್ಲೂಕಿಗೆ ಇಳಿಯಲು ಆಗಲೂ ಮೇಲೆ ಹೇಳಿದ ಸಾಲ ತರುವ ವಿಧಾನವೇ ಬೇಕು, ಅಂಕಿಯ ಪಕ್ಕದಲ್ಲಿ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನುವ ಅಂತರವೂ ಬೇಕು. ಯಾರಾದರೂ 'ಶಿಗ್ಗಾವಿ ತಾಲ್ಲೂಕಿನ ಕುಟುಂಬದ ಆದಾಯ 1,47,362 ರೂಪಾಯಿ' ಅಂತ ಕೊನೆಯ ರೂಪಾಯಿವರೆಗೆ ಬರೆದು ಕೊಟ್ಟರೆ, ಎಷ್ಟು ಮನೆ ಕೇಳಿದಿರಿ, ಯಾವ ವರ್ಷ, ಖರ್ಚು ಕಳೆದದ್ದೋ ಕಳೆಯದ್ದೋ, ಸರಾಸರಿಯೋ ಮಧ್ಯಾಂಕವೋ ಅಂತ ಅವರನ್ನು ಮೊದಲು ಕೇಳಬೇಕು.